ಆ ಹಾಸಿಗೆಯ ದುಡ್ಡು ಚಿಕ್ಕಪ್ಪ ಮೊದಲೇ ಕಟ್ಟಿದ್ದರು

"ಕುಡಿಯೋರು ಅವರು, ಬಿಲ್ಲು ಕಟ್ಟೋರು ನಾವಾ?"

ಮೊನ್ನೆ ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಸಂಬಂಧಿಕರೊಬ್ಬರು ಕೇಳಿದರು. ಕುಡಿತ ಬಿಡಿಸೋಕೆ ತಾಲ್ಲೂಕು ಆಸ್ಪತ್ರೆಯಲ್ಲೇ ನಾಲ್ಕು ಹಾಸಿಗೆ ಇರಬೇಕು ಅಂತ ನಾನು ಅಂದಿದ್ದಕ್ಕೆ ಬಂದ ಮಾತು. ಎಲೆ ಮುಂದೆ ಜಗಳ ಬೇಡ ಅಂತ ಸುಮ್ಮನಾದೆ. ಇಲ್ಲಿ ಹೇಳುತ್ತೇನೆ.

ನಮ್ಮ ಚಿಕ್ಕಪ್ಪ ಗಾರೆ ಕೆಲಸದವರು. ಅವರು ಕರಣೆ ಹಿಡಿದರೆ ಗೋಡೆ ಕನ್ನಡಿಯಂತಾಗುತ್ತಿತ್ತು. ಕೊನೆಕೊನೆಗೆ ಬೆಳಿಗ್ಗೆ ಒಂದು ನೈಂಟಿ ಇಳಿಯದೆ ಆ ಕೈ ನಿಲ್ಲುತ್ತಿರಲಿಲ್ಲ. ಟೀ ಲೋಟ ಎರಡೂ ಕೈಲಿ ಹಿಡಿದರೂ ಅರ್ಧ ಅಂಗಿ ಮೇಲೇ. ಮಗಳ ಪಿಯುಸಿ ಫೀಸಿನ ದುಡ್ಡನ್ನೂ ಕುಡಿದು ಕಳೆದಾಗ ಅವಳ ತಲೆ ಮುಟ್ಟಿ ಆಣೆ ಮಾಡಿದರು. ಆಣೆಗೆ ತಪ್ಪಲಿಲ್ಲ, ಒಂದು ಹನಿ ಮುಟ್ಟಲಿಲ್ಲ. ಎರಡನೇ ದಿನ ಫಿಟ್ಸ್ ಬಂತು. ಮೂರನೇ ರಾತ್ರಿ ಗೋಡೆ ತುಂಬ ಇರುವೆ ಅಂತ ಹೊದಿಕೆಯಿಂದ ಒರೆಸುತ್ತಾ ಕೂತರು. ಚಿಕ್ಕಮ್ಮನನ್ನೇ "ಯಾರಮ್ಮ ನೀನು?" ಅಂದರು.

ಛಲ ಹಿಡಿದು ಒಮ್ಮೆಲೇ ನಿಲ್ಲಿಸಿದ್ದರಿಂದಲೇ ಹೀಗಾಯಿತು ಅಂತ ನಮಗೆ ತಿಳಿದದ್ದು ಆಮೇಲೆ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ಮಿದುಳು ಅದಿಲ್ಲದೆ ಹತೋಟಿ ತಪ್ಪುತ್ತದೆ. ಜೀವವೇ ಹೋಗಬಹುದು. ನಡುಕ, ಫಿಟ್ಸ್ ತಡೆಯೋಕೆ ಡಯಾಜೆಪಾಮ್ ಥರದ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ, ಥಯಮಿನ್ ಅಂದರೆ ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು, ಪಕ್ಕದಲ್ಲಿ ಒಬ್ಬರು ನೋಡಿಕೊಳ್ಳಬೇಕು. ದುಬಾರಿ ಔಷಧಿಗಳೇನಲ್ಲ. ನಾವು ಹೋದ ಆಸ್ಪತ್ರೆಯಲ್ಲಿ "ಇಂಥವರನ್ನ ಇಟ್ಕೊಳ್ಳಲ್ಲ" ಅಂದರು. ಖಾಸಗಿ ಕೇಂದ್ರದವರು ಮೂರು ತಿಂಗಳ ದುಡ್ಡು ಮುಂಗಡ ಕೇಳಿದರು. ಚಿಕ್ಕಮ್ಮನ ಸರ ಗಿರವಿಗೆ ಹೋಯಿತು.

ನಮ್ಮ ತೆರಿಗೆ ಅನ್ನುವವರು ಚಿಕ್ಕಪ್ಪನ ತೆರಿಗೆಯನ್ನೂ ಲೆಕ್ಕ ಹಾಕಲಿ. 2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕೂಲಿಯವರ ಕೈಗೆ ವಿಸ್ಕಿ, ರಮ್ಮಿನ ಟೆಟ್ರಾ ಪ್ಯಾಕ್ ಬಂತು. ಅದರ ಬೆಲೆಯಲ್ಲಿ ದೊಡ್ಡ ಪಾಲು ಸರ್ಕಾರದ್ದು. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟರು. ಇಪ್ಪತ್ತು ವರ್ಷ ದಿನಾ ಕಟ್ಟಿದ ಮನುಷ್ಯನಿಗೆ ಹತ್ತು ದಿನ ಹಾಸಿಗೆ ಕೊಟ್ಟರೆ ಅದು ದಾನ ಹೇಗಾಗುತ್ತದೆ?

ಕಾನೂನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದಾಗುವ ಮನೋರೋಗವೂ ಸೇರಿದೆ. ಸರ್ಕಾರಿ ಚಿಕಿತ್ಸೆ ಹಕ್ಕು. ಆದರೂ ದೆಹಲಿಯ ಏಮ್ಸ್‌ನವರ 2019ರ ವರದಿಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ನಿಮ್ಹಾನ್ಸ್‌ನಂಥ ಕಡೆ ಒಳ್ಳೆಯ ವೈದ್ಯರಿದ್ದಾರೆ, ನಿಜ. ನಡುಗುವ ಮನುಷ್ಯನನ್ನು ಬೆಂಗಳೂರಿನವರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ನೋಡಿ.

ಹಾಗಂತ ಚಿಕ್ಕಪ್ಪನ ತಪ್ಪೇ ಇಲ್ಲ ಅಂತ ನಾನು ಹೇಳಲ್ಲ. ಫೀಸು ಕುಡಿದದ್ದು ಅವರೇ. ಬಿಟ್ಟ ಮೇಲೆ, ಮತ್ತೆ ಕುಡಿಯದಂತೆ ತಡೆಯುವ ಮಾತ್ರೆಯನ್ನು ದಿನಾ ಬೆಳಿಗ್ಗೆ ಚಿಕ್ಕಮ್ಮನ ಎದುರೇ ನುಂಗಿದವರೂ ಅವರೇ. ಮಾತ್ರೆ ನಿಲ್ಲಿಸಿದ ವರ್ಷ ಹೊಸತೊಡಕಿಗೆ ಜಾರಿದರು. ನಾಲ್ಕನೇ ದಿನ ತಾವೇ ನಮ್ಮ ಮನೆ ಬಾಗಿಲಿಗೆ ಬಂದು "ಎಲ್ಲಾದ್ರೂ ಸೇರ್ಸು ಮಗಾ" ಅಂದರು. ಅವರ ಹೊಣೆ ಅವರು ಹೊತ್ತರು. ಎಲ್ಲಿ ಸೇರಿಸಲಿ ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಮತ್ತೆ ಕರಣೆ ಹಿಡಿದಿದ್ದಾರೆ. ಸರ ಇನ್ನೂ ಗಿರವಿಯಲ್ಲೇ ಇದೆ, ತಿಂಗಳ ಬಡ್ಡಿ ಅವರೇ ಕಟ್ಟುತ್ತಿದ್ದಾರೆ.