ಕೋಕೋ ದೆವ್ವದ ಸಿನಿಮಾ ಅಲ್ಲ: ಒಂದು ಸ್ಪಷ್ಟನೆ

ಮಡಿಕೇರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. 'ಕೋಕೋ ದೆವ್ವದ ಸಿನಿಮಾ. ಅದರಲ್ಲಿರುವ ಸತ್ತವರ ಹಬ್ಬ ಸುಮ್ನೆ ಕಟ್ಟಿದ ಕತೆ. ಮಕ್ಕಳಿಗೆ ತೋರಿಸಬೇಡಿ' ಅಂತ. ಇದು ತಪ್ಪು. ಕೋಕೋ ಪಿಕ್ಸಾರ್‌ನ ಅನಿಮೇಷನ್ ಸಿನಿಮಾ.

ಹಬ್ಬ ನಿಜವಾದದ್ದೇ. ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2ರಂದು ತೀರಿಕೊಂಡವರ ಫೋಟೊ ಇಟ್ಟು, ಅವರಿಗೆ ಇಷ್ಟವಾದ ತಿಂಡಿ, ಊಟ ಇಡುತ್ತಾರೆ. 2008ರಲ್ಲಿ ಅದು ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿತು. ಸಿನಿಮಾ ಬಂದದ್ದು 2017ರಲ್ಲಿ. ಸತ್ತವರಿಗೆ ದಾರಿ ತೋರಿಸಲು ಚೆಂಡು ಹೂವಿನ ಎಸಳು ಚೆಲ್ಲುವುದೂ ಅಲ್ಲಿನ ರೂಢಿ. (ನಾವು ದಸರಾಕ್ಕೆ ಮಾಲೆ ಕಟ್ಟುವ ಚೆಂಡು ಹೂವಿನ ತವರೂ ಮೆಕ್ಸಿಕೊನೇ.) ಆ ಎಸಳುಗಳು ಸತ್ತವರ ಲೋಕಕ್ಕೂ ನಮ್ಮ ಲೋಕಕ್ಕೂ ಸೇತುವೆಯಾಗುವುದು, ಮನೆಯಲ್ಲಿ ಫೋಟೊ ಇಡದ ಸತ್ತವರನ್ನು ಆ ಗಡಿಯಲ್ಲಿ ತಡೆಯುವುದು ಮಾತ್ರ ಸಿನಿಮಾದವರ ಕಲ್ಪನೆ.

ಕೊಡಗಿನವರಿಗೆ ಇದು ತೀರಾ ಹೊಸದೇನಲ್ಲ, ಅಲ್ವಾ? ಐನ್‌ಮನೆ (ಕುಲದ ಮೂಲಮನೆ) ಹತ್ತಿರದ ಕೈಮಡದಲ್ಲಿ, ಅಂದರೆ ಹಿರಿಯರ ಗುಡಿಯಲ್ಲಿ, ಕುಲದ ಮೂಲಪುರುಷ ಕಾರಣನಿಗೆ ಮಾಂಸ, ಮದ್ಯ ಇಟ್ಟು ನೆನೆಯುವ ಊರು ನಮ್ಮದು. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ.

ಇನ್ನು ಹೆದರಿಕೆ. ನನ್ನ ಅಮ್ಮ ತೀರಿಕೊಂಡ ವರ್ಷ ಮಗಳ ಜೊತೆ ಇದನ್ನು ನೋಡಿದೆ. ಎಲ್ಲ ಮರೆತು ಕುರ್ಚಿಯಲ್ಲಿ ಕೂತ ಮುದುಕಿ ಕೋಕೋ, ಮರಿಮೊಮ್ಮಗನ ಹಾಡು ಕೇಳಿ ಮೆಲ್ಲಗೆ ದನಿಗೂಡಿಸುತ್ತಾಳೆ. ಮಗಳು ನನ್ನ ಕೈ ಹಿಡಿದಳು. 'ಅಮ್ಮಾ, ಅಜ್ಜಿ ಫೋಟೊ ಎಲ್ಲಿಟ್ಟಿದ್ದೀಯ?' ಅಂದಳು. ನೋಡಲಾಗದೆ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಅವತ್ತೇ ಹೊರಗೆ ತೆಗೆದೆವು.

ಸಿನಿಮಾದಲ್ಲಿ ಅಸ್ಥಿಪಂಜರಗಳಿವೆ, ವಿಷ ಹಾಕಿ ಕೊಂದ ಕತೆಯೂ ಇದೆ. ತೀರಾ ಚಿಕ್ಕ ಮಕ್ಕಳಾದರೆ ಪಕ್ಕದಲ್ಲಿ ಕೂತು ತೋರಿಸಿ. ಆ ಮೆಸೇಜ್ ಮಾತ್ರ ದಯವಿಟ್ಟು ಮುಂದೆ ಕಳಿಸಬೇಡಿ.