ಸಹಿ ಸಿಸ್ಟರ್‌ದು, ಸಿರಿಂಜ್ ಆಯಾ ಕೈಯಲ್ಲಿ

ಮೊನ್ನೆ ಚಿಕ್ಕಮ್ಮನನ್ನು ನೋಡಲು ಕೋಲಾರದ ಒಂದು ಖಾಸಗಿ ನರ್ಸಿಂಗ್ ಹೋಮ್‌ಗೆ ಹೋಗಿದ್ದೆ. ಪಕ್ಕದ ಹಾಸಿಗೆಯ ಅಜ್ಜಿಗೆ ಆಯಾ ಒಬ್ಬರು ಕ್ಯಾನುಲಾ, ಅಂದರೆ ರಕ್ತನಾಳದಲ್ಲಿ ಇಟ್ಟಿರುವ ಸಣ್ಣ ಕೊಳವೆಯ ಮೂಲಕ ಔಷಧಿ ಹಾಕುತ್ತಿದ್ದರು. ಅಜ್ಜಿ "ಉರೀತೈತೆ ತಾಯಿ" ಎಂದರೂ ನಿಲ್ಲಿಸಲಿಲ್ಲ. ಕ್ಯಾನುಲಾ ಜಾರಿ ಔಷಧಿ ರಕ್ತನಾಳದ ಹೊರಗೆ ಇಳಿದರೆ ಹಾಗೆ ಉರಿದು ಕೈ ಊದುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ನಾನೇ ಎದ್ದು ಹೋಗಿ ತಡೆದೆ. ಕೇಸ್ ಶೀಟ್‌ನಲ್ಲಿ ಆ ಔಷಧಿಯ ಮುಂದೆ ಡ್ಯೂಟಿ ಸಿಸ್ಟರ್ ಸಹಿ ಆಗಲೇ ಬಿದ್ದಿತ್ತು.

ನಾಳೆ ಆ ಕೈ ಕೀವಾದರೆ ಉತ್ತರ ಹೇಳಬೇಕಾದವರು ಸಹಿ ಹಾಕಿದ ಆ ಹುಡುಗಿ. ಒಬ್ಬಳೇ ಇಡೀ ವಾರ್ಡ್ ನೋಡುವಾಗ "ಇದನ್ನು ಆಯಾಗೆ ವಹಿಸಲಾರೆ" ಎಂದು ಆಡಳಿತಕ್ಕೆ ತೋರಿಸಲು ಅವಳ ಕೈಯಲ್ಲಿ ಯಾವ ನಿಯಮವಿದೆ? 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಹುಟ್ಟಿದ್ದೇ ತರಬೇತಿಗೆ ದೇಶದಾದ್ಯಂತ ಒಂದೇ ಮಟ್ಟ ತರಲು. ಮೂರು ವರ್ಷ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿ ನೋಂದಣಿ ಪಡೆದ ಮೇಲೆ ವಾರ್ಡ್‌ನಲ್ಲಿ ಯಾವ ಕೆಲಸ ನರ್ಸ್‌ಗಳದೇ, ಯಾವುದನ್ನು ಯಾರಿಗೆ ಬಿಡಬಹುದು ಎಂಬ ಗೆರೆಯನ್ನು ಅದು ಎಳೆಯಲಿಲ್ಲ.

ಅಮೆರಿಕದಲ್ಲಿ ರಾಜ್ಯಕ್ಕೊಂದು ಶುಶ್ರೂಷಾ ವೃತ್ತಿ ಕಾಯ್ದೆಯಿದೆ. ಕೆಲಸ ಯಾವುದು, ರೋಗಿಯ ಸ್ಥಿತಿ ಹೇಗಿದೆ, ಯಾರಿಗೆ ವಹಿಸುತ್ತಿದ್ದೇವೆ, ಏನೆಂದು ಹೇಳಿಕೊಟ್ಟೆವು, ಮೇಲ್ವಿಚಾರಣೆ ಯಾರದು ಎಂಬ ಐದನ್ನೂ ನೋಡಿಯೇ ವಹಿಸಬೇಕೆಂದು ಅಲ್ಲಿನ ಮಾರ್ಗಸೂಚಿ ಹೇಳುತ್ತದೆ. ಮೈ ಒರೆಸುವುದನ್ನು ಸಹಾಯಕರಿಗೆ ಬಿಡಬಹುದು. ರೋಗಿಯ ಸ್ಥಿತಿಯನ್ನು ಅಳೆದು ತೀರ್ಮಾನಿಸುವ ಶುಶ್ರೂಷಕಿಯ ವಿವೇಚನೆಯನ್ನು ಬಿಡುವಂತಿಲ್ಲ.

"ಆಯಾಗೆ ವರ್ಷಗಳ ಅನುಭವವಿದೆ, ನರ್ಸ್‌ಗಳು ಸಿಗುವುದಿಲ್ಲ" ಎನ್ನುತ್ತಾರೆ ಆಸ್ಪತ್ರೆಯ ಆಡಳಿತದವರು. ಕಡಿಮೆ ಸಂಬಳಕ್ಕೆ ಸಿಗುವುದಿಲ್ಲ ಎಂದು ಹೇಳಲಿ, ಒಪ್ಪುತ್ತೇನೆ. ಕೈ ಪಳಗಿರಬಹುದು, ಆದರೆ ಯಾವಾಗ ನಿಲ್ಲಿಸಬೇಕೆಂಬ ತಿಳಿವಳಿಕೆ ಬೇರೆ, ಮತ್ತು ಆ ಕೊರತೆಯ ನೋವು ತಿನ್ನುವುದು ಹಾಸಿಗೆಯಲ್ಲಿ ಮಲಗಿದವರು.

1947ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯ್ದೆ ಬಂದಿದೆ. ನೋಂದಣಿಗೆ, ವೃತ್ತಿ ನೀತಿಗೆ ಅದರಲ್ಲಿ ಪ್ರತ್ಯೇಕ ಮಂಡಳಿಯಿದೆ. ಆ ಮಂಡಳಿ ವಹಿಸಬಾರದ ಕೆಲಸಗಳ ಪಟ್ಟಿಯನ್ನು ಸ್ಪಷ್ಟವಾಗಿ ಬರೆಯಲಿ. ಮೊದಲ ಸಾಲಿನಲ್ಲೇ ರಕ್ತನಾಳಕ್ಕೆ ಕೊಡುವ ಔಷಧಿ ಇರಲಿ, ಮತ್ತು ಆ ನಿಯಮ ಮೀರಿಸಿದ ಆಡಳಿತ ಸಿಸ್ಟರ್‌ಗಿಂತ ಮೊದಲು ಉತ್ತರ ಕೊಡುವಂತಾಗಲಿ.