ಮೂಲೆಯಲ್ಲಿ ಸಿಕ್ಕಿಬಿದ್ದ ಲಾಗ್ ಕ್ಯಾಬಿನ್

ಹಳೆಯ ಮರಗೆಲಸ ಕಂಡರೆ ನಾನು ಊಟ ಬಿಟ್ಟು ನಿಲ್ಲುವವನೆಂಬುದು ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಈ ವಾರಾಂತ್ಯ ಅಮೆರಿಕದ ಟೆನೆಸಿ ರಾಜ್ಯದ ಸ್ಮೋಕಿ ಬೆಟ್ಟಗಳ ತಪ್ಪಲಿನಲ್ಲಿ ಗೆಳೆಯರೆಲ್ಲ ಸೇರಿ ಬಾಡಿಗೆಗೆ ಹಿಡಿದ 'ಅಪ್ಪಟ ಕೈಕೆಲಸದ ಲಾಗ್ ಕ್ಯಾಬಿನ್'ನಲ್ಲಿ (ಮರದ ದಿಮ್ಮಿಗಳನ್ನು ಪೇರಿಸಿ ಕಟ್ಟಿದ ಮನೆಯಲ್ಲಿ) ನನ್ನ ಮುಖ ಏಕೆ ಗಂಟಿಕ್ಕಿಕೊಂಡಿತ್ತು ಎಂಬುದನ್ನು ಇಲ್ಲೇ ಬರೆದು ಹಗುರಾಗುತ್ತೇನೆ. ಮನೆಯ ಮೂಲೆಯಿಂದ ಆಚೆಗೆ ಚಾಚಿದ್ದ ದಿಮ್ಮಿಯ ತುದಿಯೊಂದನ್ನು ಸುಮ್ಮನೆ ಹಿಡಿದೆ, ಅದು ಅಲುಗಿತು. ಬಗ್ಗಿ ನೋಡಿದರೆ ಅಡಿಯಲ್ಲಿ ಎರಡು ಸ್ಕ್ರೂ. ಗೋಡೆಯೆಂದರೆ ಪ್ಲೈವುಡ್, ಅದರ ಮೇಲೆ ಅರ್ಧ ದುಂಡಗಿನ ಹಲಗೆಗಳು, ಮೂಲೆಗೆ ಅಲಂಕಾರಕ್ಕೆಂದು ಜೋಡಿಸಿದ ಮೊಂಡು ತುಂಡುಗಳು.

ದಿಮ್ಮಿಯ ಮನೆಯ ಸತ್ಯವೆಲ್ಲ ಮೂಲೆಯಲ್ಲಿರುತ್ತದೆ. ಎರಡು ಗೋಡೆಗಳ ದಿಮ್ಮಿಗಳು ಅಲ್ಲಿ ಒಂದರ ಮೇಲೊಂದು ಅಡ್ಡಡ್ಡ ಕೂರುವುದರಿಂದ ಒಂದು ಗೋಡೆಯ ಸಾಲು ಇನ್ನೊಂದರ ಸಾಲಿಗಿಂತ ಅರ್ಧ ದಿಮ್ಮಿಯಷ್ಟು ಮೇಲೆ ಅಥವಾ ಕೆಳಗೆ ಇರಲೇಬೇಕು. ನಮ್ಮ ಬಾಡಿಗೆ ಮನೆಯಲ್ಲಿ ಎರಡೂ ಗೋಡೆಗಳ ಸಾಲುಗಳು ಒಂದೇ ಮಟ್ಟಕ್ಕೆ ಬಂದು ಕೈಕುಲುಕುತ್ತಿದ್ದವು. ನಕಲು ಮಾಡುವವನು ಅಸಲನ್ನು ಒಂದು ಸಲ ಕಣ್ಣಿಟ್ಟು ನೋಡುವ ಶ್ರಮವನ್ನೂ ತೆಗೆದುಕೊಂಡಿರಲಿಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಅಸಲು ಬಹಳ ದೂರವೂ ಇರಲಿಲ್ಲ. ಅದೇ ಬೆಟ್ಟಗಳ ನಡುವಿನ ಕೇಡ್ಸ್ ಕೋವ್ ಕಣಿವೆಯಲ್ಲಿ 1820ರ ದಶಕದ ಜಾನ್ ಆಲಿವರ್ ಮನೆ ಇಂದಿಗೂ ನಿಂತಿದೆ. ಈ ಕಡೆಯ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಹಾಫ್ ಡವ್‌ಟೇಲ್ ಎಂಬ ಕಚ್ಚು. ಕೆಳಗಿನ ದಿಮ್ಮಿಯ ತುದಿಯನ್ನು ಮೇಲ್ಗಡೆ ಓರೆಯಾಗಿ ಕೆತ್ತಿ, ಅದರ ಮೇಲೆ ಕೂರುವ ಅಡ್ಡ ದಿಮ್ಮಿಯ ತಳವನ್ನು ಅದೇ ಓರೆಗೆ ಹೊಂದುವಂತೆ ಕಡಿಯುತ್ತಾರೆ. ಮಳೆಯ ನೀರು ಒಳಗೆ ನಿಲ್ಲದೆ ಆ ಇಳಿಜಾರಿನಲ್ಲಿ ಹೊರಕ್ಕೆ ಜಾರುತ್ತದೆ; ಮೇಲಿನ ಭಾರ ಹೆಚ್ಚಿದಷ್ಟೂ ಕೂಟ ಬಿಗಿಯಾಗುತ್ತದೆ; ಮೊಳೆಯ ಹಂಗಿಲ್ಲ. ಕಚ್ಚಿನಾಚೆಗೆ ಉಳಿದ ತುದಿಯನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿಬಿಡುತ್ತಾರೆ, ಏಕೆಂದರೆ ಹೊರಗೆ ಚಾಚಿದ ಮರ ನೀರು ಕುಡಿದು ಮೊದಲು ಕೊಳೆಯುತ್ತದೆ. ನಮ್ಮ ಮನೆಯ ಮಾಲೀಕರು ಸ್ಕ್ರೂ ಹಾಕಿ ಸೇರಿಸಿದ್ದು ಆ ಕುಶಲಿಗಳು ಬೇಕೆಂದೇ ಕತ್ತರಿಸಿ ಎಸೆದ ಭಾಗವನ್ನು!

ಆ ಹಳೆಯ ಮನೆಗಳನ್ನು ಹತ್ತಿರ ಹೋಗಿ ನೋಡಿದರೆ ಗೋಡೆಯ ಮೈಮೇಲೆ ಕೊಡಲಿಯ ಗುರುತುಗಳು ಈಗಲೂ ಕಾಣುತ್ತವೆ. ಮೊದಲು ದಿಮ್ಮಿಯುದ್ದಕ್ಕೂ ಅಲ್ಲಲ್ಲಿ ಅಡ್ಡ ಗಾಯ ಮಾಡಿಕೊಂಡು, ಆಮೇಲೆ ಒಂದೇ ಬದಿಗೆ ಸಾಣೆ ಹಿಡಿದ ಅಗಲ ಅಲಗಿನ ಕೊಡಲಿಯಿಂದ ನಡುವಿನ ಮರವನ್ನು ಸೀಳಿ ತೆಗೆಯುತ್ತಿದ್ದರು. ಆಳವಾಗಿ ಬಿದ್ದ ಅಡ್ಡ ಏಟುಗಳು ಮಾತ್ರ ಗೆರೆಗಳಾಗಿ ಉಳಿದುಬಿಡುತ್ತಿದ್ದವು. ಅಡಿಯ ದಿಮ್ಮಿ ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ ಕೂರಿಸುತ್ತಿದ್ದುದು ತೇವಕ್ಕೂ ಗೆದ್ದಲಿಗೂ ಹೆದರಿ. ಮರ ಒಣಗುತ್ತಾ ದಪ್ಪದಲ್ಲಿ ಕುಗ್ಗುತ್ತದೆಯೇ ಹೊರತು ಉದ್ದದಲ್ಲಿ ಅಷ್ಟಾಗಿ ಅಲ್ಲ. ಆದ್ದರಿಂದ ದಿಮ್ಮಿಗಳ ನಡುವಿನ ಸಂದಿಗೆ ಮೆತ್ತಿದ ಮಣ್ಣು ಬಿರುಕುಬಿಟ್ಟಾಗಲೆಲ್ಲ ಮನೆಯವರೇ ಮತ್ತೆ ಮೆತ್ತಬೇಕಿತ್ತು. ಈ ಮನೆಗಳ ಚೆಲುವೆಲ್ಲ ಇಂಥ ಲೆಕ್ಕಾಚಾರದಿಂದ ಬಂದದ್ದು. ಚೆಲುವಿಗೆಂದೇ ಮಾಡಿದ್ದು ಏನೂ ಇಲ್ಲ. ಸ್ಟೂಲಿನ ಕಾಲೊಂದನ್ನು ಸಮ ಮಾಡಲು ಹೋಗಿ ನಾಲ್ಕನ್ನೂ ಗಿಡ್ಡ ಮಾಡುವ ನನ್ನಂಥವನಿಗೆ ಇದನ್ನು ಕಂಡರೆ ಗೌರವದ ಜೊತೆಗೆ ಸ್ವಲ್ಪ ಮತ್ಸರವೂ ಆಗುತ್ತದೆ.

"ಆ ಕತ್ತಲೆ ಗೂಡಿನಲ್ಲಿ ನೀನು ಒಂದು ರಾತ್ರಿ ಇರುತ್ತೀಯೇನೋ ಮಾರಾಯ?" ಎಂದು ಜೊತೆಯಲ್ಲಿದ್ದವನೊಬ್ಬ ಕೇಳಿದ. ಇರುವುದಿಲ್ಲ. ಒಂದೇ ಕೋಣೆ, ಮೇಲೊಂದು ಅಟ್ಟ, ಪುಟ್ಟ ಕಿಟಕಿ, ಅದರಲ್ಲೇ ಇಡೀ ಸಂಸಾರ, ಹೊಗೆ, ಚಳಿ. ಬಡತನವನ್ನು ಹಾಡಿ ಹೊಗಳುವ ಚಟ ನನಗಿಲ್ಲ. ಆದರೂ ಆ ಬದುಕನ್ನು ತಾವಾಗಿಯೇ ಆರಿಸಿಕೊಂಡವರೂ ಇದ್ದರು ಎಂಬುದನ್ನು ಅವನಿಗೆ ನೆನಪಿಸಬೇಕಾಯಿತು. ರಾಷ್ಟ್ರೀಯ ಉದ್ಯಾನಕ್ಕಾಗಿ ಸುತ್ತಲಿನವರೆಲ್ಲ ಜಾಗ ಬಿಟ್ಟು ಹೋದಾಗ ಲಿಟಲ್ ಗ್ರೀನ್‌ಬ್ರಯರ್‌ನ ವಾಕರ್ ಸೋದರಿಯರು ಜೀವಿತಾವಧಿಯ ಹಕ್ಕು ಪಡೆದು ತಮ್ಮ ದಿಮ್ಮಿಯ ಮನೆಯಲ್ಲೇ ಉಳಿದರು. ಅಲ್ಲಿ ಕೊನೆಯದಾಗಿ ಉಳಿದಿದ್ದ ಲೂಯಿಸಾ ತೀರಿಕೊಂಡದ್ದು 1964ರಲ್ಲಿ. ಅದಿರಲಿ, ನಮ್ಮ ಬಾಡಿಗೆ ಮನೆಯ ಬಿಸಿನೀರಿನ ತೊಟ್ಟಿಯ ಮೇಲೆ ನನಗೇನೂ ಹಗೆಯಿಲ್ಲ, ಅದರಲ್ಲಿ ನಾನೂ ಕುಳಿತೆ. ಪ್ಲೈವುಡ್ ಮನೆಯೂ ಮನೆಯೇ. ಅದು ತನ್ನ ಹೆಸರಿನಲ್ಲೇ ಬಾಡಿಗೆಗೆ ಸಿಗಲಿ ಎಂದಷ್ಟೇ ನನ್ನ ತಕರಾರು.

ಹಾಗೆ ನೋಡಿದರೆ ಲಾಗ್ ಕ್ಯಾಬಿನ್ ಹೆಸರಿನಲ್ಲಿ ಟೋಪಿ ಹಾಕುವುದು ಈ ದೇಶಕ್ಕೆ ಹೊಸತೇನಲ್ಲ. 1840ರ ಅಧ್ಯಕ್ಷ ಚುನಾವಣೆಯಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ದಿಮ್ಮಿಯ ಗುಡಿಸಲಿನ ಮನುಷ್ಯನೆಂದು ಮೆರೆದು ಗೆದ್ದರು. ಹುಟ್ಟಿದ್ದು ಮಾತ್ರ ವರ್ಜೀನಿಯಾದ ತೋಟದ ಬಂಗಲೆಯಲ್ಲಿ. ಕೆಂಟಕಿಯಲ್ಲಿ ಅಮೃತಶಿಲೆ, ಗ್ರಾನೈಟಿನ ಸ್ಮಾರಕದೊಳಗೆ ಲಿಂಕನ್ ಹುಟ್ಟಿದ ಗುಡಿಸಲೆಂದು ಜನ ಕೈಮುಗಿಯುತ್ತಿದ್ದ ಕಟ್ಟಡದ ದಿಮ್ಮಿಗಳನ್ನು 2004ರಲ್ಲಿ ಮರದ ಉಂಗುರಗಳ ಲೆಕ್ಕದಿಂದ ಪರೀಕ್ಷಿಸಿದಾಗ ಅವು 1840ರ ದಶಕದವೆಂದು ತಿಳಿಯಿತು. ಲಿಂಕನ್ ಹುಟ್ಟಿದ್ದು 1809ರಲ್ಲಿ! ಆದರೆ ಉದ್ಯಾನ ಇಲಾಖೆಯವರು ಅದನ್ನು ಸಾಂಕೇತಿಕ ಗುಡಿಸಲು ಎಂದೇ ಕರೆಯುತ್ತಾರೆ. ಅಧ್ಯಕ್ಷರ ಜನ್ಮಸ್ಥಳದ ವಿಷಯದಲ್ಲೇ ಸರ್ಕಾರಿ ಇಲಾಖೆಯೊಂದು ಇಷ್ಟು ನೇರವಾಗಿ ಹೇಳಬಲ್ಲದಾದರೆ, ರಾತ್ರಿಯೊಂದಕ್ಕೆ ಅಷ್ಟು ಡಾಲರ್ ಎಣಿಸಿಕೊಳ್ಳುವ ನಮ್ಮ ಮಾಲೀಕರು ಜಾಹೀರಾತಿನಿಂದ 'ಅಪ್ಪಟ ಕೈಕೆಲಸ' ಎಂಬ ಎರಡು ಪದಗಳನ್ನು ಅಳಿಸಲು ಏನು ಕಷ್ಟವೆಂದು ಅವರಿಗೇ ಬರೆದು ಕೇಳಿದ್ದೇನೆ. ಉತ್ತರವಾಗಿ ಐದು ನಕ್ಷತ್ರ ಕೊಡಿರೆಂಬ ಕೋರಿಕೆ ಬಂದಿದೆ.